ತವರಿಗೆ ಬಂದವರು ಯಾವ ಊರಿನವರು

"ನಿಮ್ಮ ಮನೆಯಲ್ಲಿ ಎಷ್ಟು ಮಂದಿ?" ಈ ಒಂದು ಪ್ರಶ್ನೆಯನ್ನು ಕೇಳಿ ಕೇಳಿಯೇ ನಾನು ಸಂಸಾರ ಸಾಕಿದೆ, ಹೆಣ್ಣುಮಕ್ಕಳ ಮದುವೆ ಮಾಡಿದೆ, ಈಗ ಪಿಂಚಣಿಯಲ್ಲಿ ಕಾಲ ಹಾಕುತ್ತಿದ್ದೇನೆ. ಹೈದರಾಬಾದಿನ ಒಂದು ಸರ್ಕಾರಿ ಅಂಕಿಅಂಶ ಕಚೇರಿಯಲ್ಲಿ ನಾನು ಸಮೀಕ್ಷಕನಾಗಿದ್ದೆ. ಸಣ್ಣ ಊರುಗಳಿಗೆ ಹೋಗಿ, ಮನೆ ಮನೆ ತಿರುಗಿ, ಅಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಾರೆ, ಎಲ್ಲಿ ದುಡಿಯುತ್ತಾರೆ ಎಂದು ಬರೆದು ತರುವುದು ನನ್ನ ಕೆಲಸ. ಹಾಗೆ ತಂದದ್ದನ್ನು ಕಚೇರಿಯಲ್ಲಿ ಕುಳಿತು 'ಪಟ್ಟಣ ಪರಿಚಯ' ಎಂಬ ಹೆಸರಿನಲ್ಲಿ ನಾಲ್ಕಾರು ಪುಟಕ್ಕೆ ಇಳಿಸುತ್ತಿದ್ದೆವು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಕೈಯಲ್ಲಿ ಟ್ಯಾಬ್ ಇರುತ್ತದೆ, ಬೆರಳಾಡಿಸಿದರೆ ಮುಗಿಯಿತು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಎಂಥ ಶಾಲು ಹೊದಿಸಿದರು ಎಂಬುದೆಲ್ಲ ನನ್ನ ಹೆಂಡತಿಗೇ ಬೇಡವಾಗಿದೆ, ನಿಮಗಂತೂ ಖಂಡಿತ ಬೇಡ.

ನಮ್ಮ ಅಜ್ಜ ಕಲಬುರ್ಗಿ ಕಡೆಯಿಂದ ನೌಕರಿಗೆಂದು ಇಲ್ಲಿಗೆ ಬಂದವರು. ನಾನು ಹುಟ್ಟಿ ಬೆಳೆದದ್ದು ಕಾಚಿಗೂಡದ ಗಲ್ಲಿಯಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಹಿಂದಿ, ಕಚೇರಿಯಲ್ಲಿ ತೆಲುಗು. ಹೀಗಾಗಿ ಗಡಿಯ ಕನ್ನಡದ ಊರು ಎಂದರೆ ಸಾಕು, "ದೇಸಾಯಿ ಉನ್ನಾರು ಕದಾ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ದೇಸಾಯಿ ಇದ್ದಾನಲ್ಲ, ಅವನನ್ನು ಕಳಿಸಿ ಎಂದು. ಬಸ್ಸು ಸರಿಯಿಲ್ಲದ, ಲಾಡ್ಜಿಲ್ಲದ, ತಿಗಣೆ ಮಾತ್ರ ಧಾರಾಳವಾಗಿರುವ ಊರುಗಳೆಲ್ಲ ಹಾಗೆ ನನ್ನ ಪಾಲಿಗೆ ಬಂದವು. ನಾನೂ ಗೊಣಗುತ್ತಲೇ ಹೋಗುತ್ತಿದ್ದೆ.

ಈ ಕೆಲಸದ ಮೊದಲ ಪಾಠ, ಮನೆ ಎಂದರೇನು ಎಂಬುದು. ನೀವು ಗೋಡೆ, ಮಾಳಿಗೆ, ಬಾಗಿಲು ಎನ್ನುತ್ತೀರಿ. ನಮ್ಮ ನಿಯಮ ಹಾಗೆನ್ನುವುದಿಲ್ಲ. ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವರು ಒಂದು ಮನೆಯವರು. ಕೇಳಲು ಎಷ್ಟು ಚೆನ್ನಾಗಿದೆ! ನಾನು ಹೊಸದಾಗಿ ಸೇರಿದಾಗ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಮನೆಗೆ ಹೋದೆ. ಬೆಳಿಗ್ಗೆ ಜಗಳವಾಗಿ ತಮ್ಮನ ಹೆಂಡತಿ ಅಂಗಳದಲ್ಲಿ ಬೇರೆ ಒಲೆ ಹೂಡಿದ್ದಳು. ಎರಡು ಮನೆ ಎಂದು ಬರೆದುಕೊಂಡೆ. ಮಧ್ಯಾಹ್ನ ಅಣ್ಣನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದು, "ಸಾಹೇಬ್ರ, ಒಂದ ಮಾಡ್ರಿ, ಸಿಟ್ಟು ಇಳೀತು" ಎಂದಳು. ಅಳಿಸಿ ಒಂದು ಮಾಡಿದೆ. ಮರುದಿನ ನಾನು ಬಸ್ಸು ಹತ್ತುವಾಗ ತಮ್ಮ ಓಡಿ ಬಂದು ಕಿಟಕಿಯಿಂದ, "ಮತ್ತ ಎರಡಾದವ್ರಿ!" ಎಂದು ಕೂಗಿದ. ಬಸ್ಸಿನವರೆಲ್ಲ ನಕ್ಕರು. ನಿಯಮವನ್ನು ಬರೆದವನು ಈ ಬಸ್ಸು ಹತ್ತಿರಲಿಲ್ಲ ಎಂದು ನನಗೆ ಅಂದೇ ಅನ್ನಿಸಿತು.

ಎರಡನೆಯ ಪಾಠ, ನಮ್ಮ ಜನ ಎಣಿಸಿಕೊಳ್ಳಲು ಹೆದರುತ್ತಾರೆ ಎಂಬುದು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನದೆ 'ಲಾಭ' ಎನ್ನುವ ಮಂದಿ ಇವರು. ಕಾಳಿಗೇ ಇಷ್ಟು ಜಾಗ್ರತೆಯಿದ್ದರೆ ಮಕ್ಕಳಿಗೆ ಎಷ್ಟಿರಬೇಡ? ಮಕ್ಕಳೆಷ್ಟು ಎಂದು ತಾಯಂದಿರನ್ನು ಕೇಳಿದರೆ, "ದೇವರು ಕೊಟ್ಟಷ್ಟ ಅದಾವ್ರಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಹೀಗಾಗಿ ನಾನೊಂದು ಉಪಾಯ ಕಂಡುಕೊಂಡೆ. ಮಂದಿ ಎಷ್ಟು ಎಂದು ಕೇಳುವುದನ್ನು ಬಿಟ್ಟು, "ರೊಟ್ಟಿ ಎಷ್ಟು ಬಡೀತೀರವ್ವ?" ಎಂದು ಕೇಳತೊಡಗಿದೆ. ರೊಟ್ಟಿಯ ಲೆಕ್ಕದಲ್ಲಿ ಯಾವ ಹೆಂಗಸೂ ಸುಳ್ಳು ಹೇಳುವುದಿಲ್ಲ, ಅಷ್ಟು ಬಡಿದು ರಟ್ಟೆ ನೊಂದಿರುತ್ತದಲ್ಲ. ಅದರಿಂದ ಮಂದಿಯ ಲೆಕ್ಕ ತಾನಾಗಿ ಬರುತ್ತಿತ್ತು.

ಇನ್ನು ನಮ್ಮ ಮೇಲಧಿಕಾರಿ ಮೂರ್ತಿಗಾರು. ಕೆಟ್ಟ ಮನುಷ್ಯನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದಿದಾಗ ನಿಮಗೆ ಹಾಗೆ ಅನ್ನಿಸಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮೇಜಿನ ಮೇಲೆ ಒಂದು ಕಾಗದವೂ ಓರೆಯಾಗಿ ಇರಬಾರದು. ಯಾರಿಂದಲೂ ಒಂದು ಲೋಟ ಚಹಾ ಕೂಡ ಕುಡಿದವರಲ್ಲ. ನಾನು ಒಮ್ಮೆ ವರದಿಯಲ್ಲಿ 'ಊರು ಬಡಕಲಾಗಿದೆ' ಎಂದು ಬರೆದಿದ್ದೆ. ಅದರ ಕೆಳಗೆ ಕೆಂಪು ಗೆರೆ ಎಳೆದು, ಯಾವ ಕೋಷ್ಟಕದಲ್ಲಿದೆ ಎಂದು ಕೇಳಿದರು. ಅವರಿಗೆ ಅಂಕಿ ಎಂದರೆ ದೇವರು, ನಿಯಮ ಎಂದರೆ ಆ ದೇವರ ಮಡಿ.

ಹಳೆಯ ಕಾಲದಲ್ಲಿ ವರದಿಯ ಕೊನೆಗೆ ಸಮೀಕ್ಷಕನ ಮಾತಿಗೆಂದು ಒಂದು ಪುಟ ಬಿಟ್ಟಿರುತ್ತಿದ್ದರು. ಅಂಕಿಗೆ ಸಿಗದದ್ದನ್ನು ಅಲ್ಲಿ ಬರೆಯಬಹುದಿತ್ತು. ಓದುತ್ತಿದ್ದರೋ ಬಿಡುತ್ತಿದ್ದರೋ, ಬರೆದವನಿಗೆ ಮನಸ್ಸು ಹಗುರಾಗುತ್ತಿತ್ತು. ಆಮೇಲೆ ಐಟಿ ಕಾಲ ಬಂತು. ಗಚ್ಚಿಬೌಲಿಯ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸತೊಡಗಿದರು. ನಮ್ಮ ಕಚೇರಿಗೂ ಕಂಪ್ಯೂಟರ್‌ಗಳು ಬಂದವು, ಅವುಗಳ ಹಿಂದೆ ಟೈ ಕಟ್ಟಿದ ಹುಡುಗರು ಬಂದರು. ಉತ್ತರಗಳೆಲ್ಲ ಒಂದೆರಡು ಅಂಕಿಯ ಸಂಕೇತಗಳಾದವು. ಕೊನೆಯ ಪುಟ ಕಂಪ್ಯೂಟರಿಗೆ ಹೊಂದುವುದಿಲ್ಲವೆಂದು ತೆಗೆದುಹಾಕಿದರು. ಅದಕ್ಕಾಗಿ ಅತ್ತವನು ನಾನೊಬ್ಬನೇ ಇರಬೇಕು.

ಅದೇ ಸಮಯದಲ್ಲಿ ನನ್ನನ್ನು ತೊಗರಿಹಾಳಕ್ಕೆ ಕಳಿಸಿದರು. ಊರಿನ ನಿಜವಾದ ಹೆಸರು ಬೇರೆ, ಈ ಕಥನದಲ್ಲಿ ಇಷ್ಟು ಸಾಕು.

ಹೈದರಾಬಾದಿನಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಎರಡೂ ಕಡೆ ಎರೆ ಭೂಮಿ, ತೊಗರಿ, ಜೋಳ, ನಡುವೆ ಹೆಸರಿನ ಬೆಳೆ. ಹಳ್ಳಿಯೂ ಅಲ್ಲದ, ಪೇಟೆಯೂ ಆಗದ ಊರು. ಎರಡು ಬೇಳೆ ಮಿಲ್ಲುಗಳು, ತಗಡಿನ ಮಾಡಿನ ಮಾರುಕಟ್ಟೆ, ಸೋಮವಾರದ ಸಂತೆ, ಬಸ್ ನಿಲ್ದಾಣದ ಎದುರು ಸುಸಲಾ ಮಿರ್ಚಿಯ ಹೋಟೆಲು. ಬಸವಣ್ಣನ ಗುಡಿಯ ಬೆನ್ನಿಗೇ ದರ್ಗಾ. ಮನೆಯಲ್ಲಿ ಕನ್ನಡ ಆಡುವವರು ಮಿಲ್ಲಿನಲ್ಲಿ ಉರ್ದು ಆಡುತ್ತಿದ್ದರು, ತಹಸೀಲು ಕಚೇರಿಯಲ್ಲಿ ತೆಲುಗಿಗೆ ತಡವರಿಸುತ್ತಿದ್ದರು. ನಾನು ಮಿಲ್ಲಿನ ಮಾಳಿಗೆಯ ಕೋಣೆಯಲ್ಲಿ ಇಳಿದುಕೊಂಡೆ. ಇಡೀ ದಿನ ಬೇಳೆಯ ಹೊಟ್ಟು ಮೂಗಿಗೆ ಅಡರುತ್ತಿತ್ತು.

ಮೊದಲ ದಿನ ಓಣಿ ಹೊಕ್ಕಾಗ ಕಂಡದ್ದು ಬೀಗಗಳು. ಒಂದು ಮನೆ ತೆರೆದಿದ್ದರೆ ಪಕ್ಕದ ಮನೆಗೆ ಬೀಗ, ಅದರಾಚೆಯ ಮನೆಗೂ ಬೀಗ. ಕಟ್ಟೆಯ ಮೇಲಿದ್ದ ಮುದುಕರನ್ನು ಕೇಳಿದರೆ, "ಐಟೆಕ್ಕಿಗೆ ಹೋಗ್ಯಾರ್ರಿ" ಎಂದರು. ಹೈಟೆಕ್ ಸಿಟಿ ಎಂಬುದನ್ನು ಹಾಗೆ ತಿರುಗಿಸಿ, ಹೈದರಾಬಾದಿನ ಹೊಸ ಬಡಾವಣೆಗಳಿಗೆಲ್ಲ ಅವರು ಇಟ್ಟುಕೊಂಡಿದ್ದ ಒಂದೇ ಹೆಸರು ಅದು. ಮಳೆ ಹೋಗಿ ಊರು ಬಿಟ್ಟವರೇನಲ್ಲ, ಆ ವರ್ಷ ತೊಗರಿ ಚೆನ್ನಾಗಿಯೇ ಬಂದಿತ್ತು. ರಾಶಿ ಮುಗಿದ ಕೂಡಲೆ ಗಂಡ ಹೆಂಡತಿ ಗಂಟು ಕಟ್ಟಿ ಬಸ್ಸು ಹತ್ತುತ್ತಿದ್ದರು. ಗಂಡಸು ಕಬ್ಬಿಣ ಕಟ್ಟಿದರೆ ಹೆಂಗಸು ಬುಟ್ಟಿ ಹೊರುತ್ತಿದ್ದಳು. ಬಿತ್ತನೆಗೆ ಕೆಲವರು ತಿರುಗಿ ಬರುತ್ತಿದ್ದರು, ಕೆಲವರು ಹಬ್ಬಕ್ಕೆ ಮಾತ್ರ ಮುಖ ತೋರಿಸುತ್ತಿದ್ದರು.

ನಮ್ಮ ನಿಯಮದಲ್ಲಿ ಊರಿನವರು ಎಂದರೆ ವರ್ಷದಲ್ಲಿ ಆರು ತಿಂಗಳಾದರೂ ಅಲ್ಲಿ ಇರುವವರು. ಬೀಗ ಹಾಕಿದ ಮನೆಗಳೆಲ್ಲ ಹಾಗೆ ಬಿಟ್ಟುಹೋದವು. ಅವರು ಹೈದರಾಬಾದಿನ ಲೆಕ್ಕಕ್ಕಾದರೂ ಸೇರುತ್ತಿದ್ದರೇ ಎಂದರೆ, ಕಟ್ಟಡ ಮುಗಿದಂತೆಲ್ಲ ಕಿತ್ತು ಬೇರೆ ಕಡೆ ಹೂಡುವ ತಗಡಿನ ಬೀಡಾರವನ್ನು ಮನೆ ಎಂದು ಅಲ್ಲಿ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ. ನಡುವೆ ಸಿಕ್ಕವರು ಎಲ್ಲಿಯೂ ಇರಲಿಲ್ಲ.

ಮೂರನೆಯ ಓಣಿಯಲ್ಲಿ ನಾಗಮ್ಮನ ಮನೆ. ವಿಧವೆ, ಮಿಲ್ಲಿನಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಮನೆಯಲ್ಲಿ ತಾನು, ಮೂಲೆಯಲ್ಲಿ ಕುಳಿತಿದ್ದ ತನ್ನ ಅತ್ತೆ, ಇಬ್ಬರೇ ಎಂದಳು. ಅಭ್ಯಾಸದಂತೆ ರೊಟ್ಟಿಯ ಕಡೆ ನೋಡಿದೆ. ಬುಟ್ಟಿಯಲ್ಲಿ ಬಿಸಿ ರೊಟ್ಟಿ ಒಟ್ಟಿತ್ತು, ಪಕ್ಕದಲ್ಲಿ ಒಂದು ಬಟ್ಟಲು ತುಪ್ಪ.

"ಇಬ್ಬರಿಗೆ ಇಷ್ಟು ರೊಟ್ಟಿ ಯಾಕವ್ವ? ನಿಮ್ಮತ್ತಿಗಂತೂ ಹಲ್ಲ ಇಲ್ಲ."

ನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗಿನ ಕೋಣೆಯಿಂದ ಯಾರೋ ಕಿಸಕ್ಕನೆ ನಕ್ಕರು. ಬಾಗಿಲ ಪರದೆ ಸರಿಸಿ ಒಬ್ಬ ತುಂಬು ಗರ್ಭಿಣಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕೈ ತುಂಬ ಹಸಿರು ಬಳೆ. ನಾಗಮ್ಮನ ಒಬ್ಬಳೇ ಮಗಳು ಮಾನಂದಾ. ಗಂಡನ ಜೊತೆ ಗಚ್ಚಿಬೌಲಿಯಲ್ಲಿ ಬುಟ್ಟಿ ಹೊರುತ್ತಿದ್ದವಳು, ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

"ಯವ್ವಾ, ರೊಟ್ಟಿ ನಿನ್ನ ಮಾನ ಕಳೀತು ನೋಡು" ಎಂದು ತಾಯಿಯನ್ನು ಚುಡಾಯಿಸಿದಳು.

ನಾಗಮ್ಮನಿಗೆ ನಗು ಬರಲಿಲ್ಲ. ನನ್ನ ಮುಂದೆ ಕೈಮುಗಿದು ನಿಂತಳು. "ಯಪ್ಪಾ, ಕೊಟ್ಟ ಹೆಣ್ಣು, ತುಂಬಿದ ಬಸುರಿ. ಪರಮಂದಿ ಲೆಕ್ಕದಾಗ ಹಾಕಬಾರದು, ದೃಷ್ಟಿ ಆಕ್ಕೈತಿ. ಈಕಿನ್ನ ಬರ್ಕೋಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬರ್ಕೊಳ್ಳಂಗಿಲ್ಲವ್ವ, ಹೆದರಬ್ಯಾಡ" ಎಂದೆ. ಬರೆದುಕೊಳ್ಳಲು ನಿಯಮವೂ ಇರಲಿಲ್ಲ. ಕುಬಸ ಮುಗಿಸಿ ಬಂದವಳು ಬಾಣಂತನ ಮುಗಿದೊಡನೆ ಹೊರಡುತ್ತಾಳೆ, ಆರು ತಿಂಗಳು ತುಂಬುವುದಿಲ್ಲ. ನಾಗಮ್ಮನಿಗೆ ಇದು ಗೊತ್ತಿರಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ತನ್ನ ಮಾತಿಗೆ ನಾನು ಬೆಲೆ ಕೊಟ್ಟೆನೆಂದು ಅವಳು ತಿಳಿದಳು. ಖುಷಿಯಾಗಿ ಎರಡು ರೊಟ್ಟಿಗೆ ತುಪ್ಪ ಸವರಿ, ಶೇಂಗಾ ಹಿಂಡಿ ಇಟ್ಟು ಕೊಟ್ಟಳು.

ಆಮೇಲೆ ತಿಳಿಯಿತು, ಇಂಥ ಕೋಣೆ ಓಣಿಗೆ ಹತ್ತಾರು ಇದ್ದವು. ಬೀಡಾರದಲ್ಲಿ ಬಾಣಂತಿಯನ್ನು ನೋಡಿಕೊಳ್ಳುವವರು ಯಾರು? ಮೊದಲನೆಯದಿರಲಿ, ಮೂರನೆಯದಿರಲಿ, ಊರಿನ ಹೆಣ್ಣುಮಕ್ಕಳೆಲ್ಲ ಹೆರಿಗೆಗೆ ತಿರುಗಿ ಬರುತ್ತಿದ್ದರು. ಮುದುಕರು, ಮಕ್ಕಳು, ಬಸುರಿಯರು, ಬಾಣಂತಿಯರು, ಇವರೇ ಆಗ ತೊಗರಿಹಾಳದ ಜನ. ನನ್ನ ಹಾಳೆಯಲ್ಲಿ ಮಾತ್ರ ಮುದುಕರು ಮತ್ತು ಮಕ್ಕಳಷ್ಟೇ ಇದ್ದರು.

ಊರಿನ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆಗೆಂದೇ ಒಂದು ವಾರ್ಡ್ ಇತ್ತು. ಡಾಕ್ಟರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಅದನ್ನು ನಡೆಸುತ್ತಿದ್ದವರು ಸಿಸ್ಟರ್ ಶಾಂತಾಬಾಯಿ. ಬೀದರ ಕಡೆಯವರು, ದಪ್ಪ ದನಿ, ಬೈಗುಳದಲ್ಲಿ ಧಾರಾಳಿ. ಮಂಚಗಳು ಸಾಲದೆ ನೆಲದ ಮೇಲೂ ಹಾಸಿಗೆ ಹಾಸಿದ್ದರು. ಬಸುರಿಯರನ್ನು ಮನೆಯವರು ನನ್ನಿಂದ ಬಚ್ಚಿಡುತ್ತಾರೆ ಎಂದು ಹೇಳಿದಾಗ ಅವರು ಜೋರಾಗಿ ನಕ್ಕರು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ? ನಿಮ್ಗ ಮುಚ್ಚಿಟ್ಟದ್ದೆಲ್ಲಾ ನನ್ನ ಮಂಚದ ಮ್ಯಾಗ ಕುಂತೈತಿ ನೋಡ್ರಿ."

ನಾನು ಊರಿನಲ್ಲಿದ್ದಾಗಲೇ ಮಾನಂದಾಗೆ ನೋವು ಬಂತು. ಮಧ್ಯಾಹ್ನ ನಾನು ದವಾಖಾನೆಯ ಮುಂದೆ ಹಾದು ಹೋಗುವಾಗ ನಾಗಮ್ಮ ಮೆಟ್ಟಿಲ ಮೇಲೆ ಕುಳಿತು ಬಸವಣ್ಣನಿಗೆ ಹರಕೆ ಹೊರುತ್ತಿದ್ದಳು. ಹೆಣ್ಣು ಕೂಸು ಹುಟ್ಟಿತು. ಆದರೆ ರಕ್ತ ನಿಲ್ಲಲಿಲ್ಲ. ಸಿಸ್ಟರ್ ಬಾಗಿಲು ತೆರೆದು ಒಮ್ಮೆ ಹೊರಗೆ ಬಂದಾಗ ಅವರ ಮೊಳಕೈ ತನಕ ಕೆಂಪಾಗಿತ್ತು. ನಾನು ಹೋಗಬೇಕಾದ ಓಣಿ ಮರೆತು ಅಲ್ಲೇ ನಿಂತುಬಿಟ್ಟೆ. ಹೊತ್ತು ಇಳಿಯುವ ಮೊದಲು ರಕ್ತ ನಿಂತಿತು. ಸಿಸ್ಟರ್ ಬೆವರು ಒರೆಸಿಕೊಂಡು ನಾಗಮ್ಮನ ಎದುರು ಬಂದರು.

"ನಾಗಮ್ಮಾ, ಕಿವಿ ಕೊಟ್ಟ ಕೇಳು. ಈಕಿ ಮೈ ಇಂಥಾದ್ದ ಐತಿ, ಮುಂದಿನ ಹೆರಿಗ್ಯಾಗೂ ಹಿಂಗ ಆಗಬಹುದು. ಮನ್ಯಾಗ ಇಟ್ಕೊಂಡು ಕುಂದ್ರಬ್ಯಾಡ, ದೂರಾನೂ ಒಯ್ಯಬ್ಯಾಡ. ನೋವು ಬರೋದ ತಡ, ಇಲ್ಲಿಗೆ ಹೊತ್ಕೊಂಡ ಬಾ. ತಿಳೀತೇನು?"

"ತಿಳೀತ್ರಿ ಬಾಯಾರ. ಇಲ್ಲಿ ಬಿಟ್ಟು ಎಲ್ಲಿಗೆ ಒಯ್ಯಲಿ?" ಎಂದಳು ನಾಗಮ್ಮ. ಅಷ್ಟು ಅತ್ತಿದ್ದವಳು ನನ್ನ ಕೈಗೂ ಒಂದು ಚೂರು ಬೆಲ್ಲ ಇಟ್ಟಳು.

ಮರುದಿನ ಸಿಸ್ಟರ್ ನನ್ನನ್ನು ಕರೆಸಿದರು. ಜಿಲ್ಲೆಯ ಸಣ್ಣ ದವಾಖಾನೆಗಳಲ್ಲಿ ಯಾವ ಹೆರಿಗೆ ವಾರ್ಡ್ ಉಳಿಸಬೇಕು, ಯಾವುದನ್ನು ದೊಡ್ಡ ಊರಿಗೆ ಒಯ್ಯಬೇಕು ಎಂದು ಮೇಲಿನವರು ತೀರ್ಮಾನ ಮಾಡಲಿದ್ದರಂತೆ. ಅದಕ್ಕೆ ನಮ್ಮ ಪಟ್ಟಣ ಪರಿಚಯವನ್ನೇ ಆಧಾರ ಇಟ್ಟುಕೊಳ್ಳುತ್ತಾರಂತೆ. ಊರಿನಲ್ಲಿ ಹೆರುವ ವಯಸ್ಸಿನ ಹೆಂಗಸರು ಎಷ್ಟು ಎಂಬುದೇ ಮುಖ್ಯ.

"ಸಾಹೇಬ್ರ, ನೀವು ಎಷ್ಟ ಬರದೀರಿ?"

ಹೇಳಿದೆ. ಸಿಸ್ಟರ್ ಕುರ್ಚಿ ಎಳೆದು ಕುಳಿತುಬಿಟ್ಟರು. ಆ ಲೆಕ್ಕದ ಹೆಂಗಸರಿಗೆ ಒಂದು ಮಂಚವೂ ಹೆಚ್ಚಾಗುತ್ತಿತ್ತು. ನಿಮ್ಮಲ್ಲಿ ಆಗುವ ಹೆರಿಗೆಗಳನ್ನು ತೋರಿಸಿ ಎಂದೆ. "ಅದನ್ನ ಮೊದಲ ತೋರ್ಸೀನಿ" ಎಂದರು. "ಎಲ್ಲಾರದೂ ಗಂಡನ ಊರಿನ ಅಡ್ರೆಸ್ ಐತಿ, ಇವು ಹೊರಗಿನವರ ಹೆರಿಗಿ, ನಿಮ್ಮ ಊರಿಂದಲ್ಲ ಅಂತಾರ. ಹುಟ್ಟಿ ಬೆಳೆದ ಮನಿಗೆ ಬಂದ ಹಡದ್ರ ಹೊರಗಿನಾಕೇನ್ರಿ?" ಎಂದು ನನ್ನನ್ನೇ ಕೇಳಿದರು. ಆಮೇಲೆ ದನಿ ತಗ್ಗಿಸಿ, "ಏನರ ಮಾಡ್ರಿ. ನಿಮ್ಮ ಕಾಗದ ನೋಡೇ ತೆಗೀತಾರ" ಎಂದರು.

ಹೈದರಾಬಾದಿಗೆ ಮರಳಿ ಮೂರ್ತಿಗಾರು ಅವರ ಮುಂದೆ ಕುಳಿತೆ. ಬೇರೆ ಯಾವ ವರದಿಗೂ ನಾನು ಅಷ್ಟು ವಾದ ಮಾಡಿದವನಲ್ಲ. ತವರಿಗೆ ಬರುವ ಪದ್ಧತಿ ವಿವರಿಸಿದೆ, ಮುಚ್ಚಿಟ್ಟ ಬಸುರಿಯರ ವಿಷಯ ಹೇಳಿದೆ, ಮಾನಂದಾಳ ಕಥೆಯನ್ನೂ ಹೇಳಿದೆ. ಒಂದೇ ಒಂದು ಸಾಲು ಸೇರಿಸಲು ಬಿಡಿ ಎಂದು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರಿಗೂ ಮನಸ್ಸಿಗೆ ತಟ್ಟಿತ್ತು, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಸಾಲು ಎಲ್ಲಿ ಸೇರಿಸುತ್ತೀ? ಆ ಪುಟವೇ ಇಲ್ಲವಲ್ಲ" ಎಂದರು. ಹಾಗಾದರೆ ಅವರನ್ನು ಊರಿನ ಜನರಲ್ಲಿ ಸೇರಿಸೋಣ ಎಂದೆ. ಅದಾಗದು ಎಂದರು. ಒಂದು ಊರಿಗೆ ನಿಯಮ ಸಡಿಲಿಸಿದರೆ ಎಲ್ಲ ಊರುಗಳ ಅಂಕಿಯೂ ಸುಳ್ಳಾಗುತ್ತದೆ, ಇಂದು ಬಸುರಿಯರನ್ನು ಸೇರಿಸಿದರೆ ನಾಳೆ ಯಾವನೋ ಪುಢಾರಿ ಸತ್ತವರನ್ನೂ ಸೇರಿಸುತ್ತಾನೆ ಎಂದರು. ಅದೂ ಸುಳ್ಳಲ್ಲ, ಅಂಥದ್ದನ್ನು ನಾನೇ ನೋಡಿದ್ದೆ. ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು, "ದೇಸಾಯಿ ಸಾಬ್, ದಿಲ್ ಸೆ ಮತ್ ಗಿನೋ" ಎಂದರು. ಮನಸ್ಸಿನಿಂದ ಎಣಿಸಬೇಡ ಎಂದು. ನಾನು ಮತ್ತೆ ಎರಡು ಸಲ ಹೋದೆ, ಬೇರೆ ಇಲಾಖೆಯ ಮೆಟ್ಟಿಲನ್ನೂ ಹತ್ತಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ತೊಗರಿಹಾಳದ ಪರಿಚಯ ಅಚ್ಚಾಗಿ ಬಂತು. ನಯವಾದ ಕಾಗದ, ಹೊದಿಕೆಯ ಮೇಲೆ ತೊಗರಿ ಹೊಲದ ಬಣ್ಣದ ಚಿತ್ರ. ಊರಿನಲ್ಲಿ ವೃದ್ಧರ ಪ್ರಮಾಣ ಹೆಚ್ಚು, ಹೆರುವ ವಯಸ್ಸಿನ ಮಹಿಳೆಯರ ಪ್ರಮಾಣ ತೀರ ಕಡಿಮೆ ಎಂದು ಅದರಲ್ಲಿತ್ತು. ಅದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆ ಮಾತನ್ನು ಈಗ ನೆನೆದರೂ ನನಗೆ ಸಂಕಟವಾಗುತ್ತದೆ.

ಮುಂದಿನ ವರ್ಷ ಸಿಸ್ಟರ್ ಶಾಂತಾಬಾಯಿ ಬೀದರಿಗೆ ಹೋಗುವವರು ಕಾಚಿಗೂಡದ ನಮ್ಮ ಮನೆಗೆ ಬಂದಿದ್ದರು. ಅವರನ್ನು ದೂರದ ಒಂದು ಊರಿಗೆ ವರ್ಗ ಮಾಡಿದ್ದರು. ಬೈಯುತ್ತಾರೆಂದು ನಾನು ಕಾದಿದ್ದೆ, ಬೈಯಲಿಲ್ಲ. ನನ್ನ ಹೆಂಡತಿ ಕೊಟ್ಟ ಚಹಾ ಹಿಡಿದುಕೊಂಡು, "ಲಾರಿ ತಂದು ಮಂಚಾ ಎಲ್ಲಾ ಹೇರ್ಕೊಂಡ ಹೋದ್ರು ಸಾಹೇಬ್ರ. ಆವತ್ತ ಸುದ್ದಾ ಇಬ್ಬರು ನೋವು ತಿನ್ನಾಕತ್ತಿದ್ರು, ಅವರನ್ನೂ ಮಂಚದ ಜೋಡಿ ಅದ ಲಾರ್ಯಾಗ ಕಳಿಸಿದೆ" ಎಂದರು. ಹೊಸ ವಾರ್ಡ್ ಇದ್ದ ದೊಡ್ಡ ಊರಿಗೆ ತೊಗರಿಹಾಳದಿಂದ ಬಸ್ಸಿನಲ್ಲಿ ಎರಡು ಗಂಟೆ, ಬಸ್ಸು ಸಿಕ್ಕರೆ. ಸಿಸ್ಟರ್ ಹೋದ ಮೇಲೆ ನನ್ನ ಹೆಂಡತಿ, ಪಾಪ ಆ ಹುಡುಗಿ ಏನು ಮಾಡುತ್ತಾಳೋ ಎಂದಳು. ಮಾನಂದಾಳ ವಿಷಯವನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೋ.

ಅದಾದ ಮೇಲೆ ನಾನು ಎಷ್ಟೋ ಊರುಗಳನ್ನು ಬರೆದೆ. ತೊಗರಿಹಾಳಕ್ಕೆ ಹೋಗುವ ಕೆಲಸ ಬೀಳಲಿಲ್ಲ. ಬಿದ್ದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ತಿಳಿಯದು.

ನಿವೃತ್ತಿಗೆ ಸ್ವಲ್ಪ ಮೊದಲು ನಮ್ಮ ಕಚೇರಿಯು ಕಟ್ಟಡ ಕೂಲಿಗಳ ಬೀಡಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಮನಸ್ಸು ಮಾಡಿತು. ಕೂಲಿಗಳ ಬಗ್ಗೆ ಪತ್ರಿಕೆಗಳಲ್ಲಿ ಗದ್ದಲವಾಗಿತ್ತು. ಕನ್ನಡದ ಕೂಲಿಗಳೆಂದರೆ ಮತ್ತೆ ದೇಸಾಯಿಯೇ. ಗಚ್ಚಿಬೌಲಿಯಲ್ಲಿ ಎತ್ತರಕ್ಕೆ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಬೀಡಾರಗಳ ಸಾಲು. ಮುಂದಿನ ರಸ್ತೆಯಲ್ಲಿ ಕಂಪನಿಗಳ ಕ್ಯಾಬುಗಳು ಹಾರ್ನ್ ಹೊಡೆಯುತ್ತ ನಿಂತಿರುತ್ತಿದ್ದವು, ಹಿಂದಿನ ಕೊಚ್ಚೆಯಲ್ಲಿ ನಾನು ಪ್ಯಾಂಟು ಮಡಚಿಕೊಂಡು ನಡೆಯುತ್ತಿದ್ದೆ. ಬೀಡಾರಗಳಲ್ಲಿ ಮಧ್ಯಾಹ್ನ ಉಳಿದಿದ್ದವರು ಮುದುಕಿಯರು, ಚಿಕ್ಕ ಮಕ್ಕಳು.

ಒಂದು ಬೀಡಾರದ ಮುಂದೆ ಒಬ್ಬ ಮುದುಕಿ ಇಬ್ಬರು ಮಕ್ಕಳಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು. ನಾನು ಪ್ರಶ್ನೆ ಕೇಳುವ ಮೊದಲೇ ಮುಖ ಎತ್ತಿ, "ರೊಟ್ಟಿ ಲೆಕ್ಕಾ ಕೇಳೋ ಸಾಹೇಬ್ರಲ್ಲೇನ್ರಿ?" ಎಂದಳು.

ನಾಗಮ್ಮ. ತಲೆ ಪೂರ್ತಿ ಬೆಳ್ಳಗಾಗಿತ್ತು. ಚೆನ್ನಾಗಿದ್ದೀರಾ ಎಂದು ಕೇಳುವ ಧೈರ್ಯವಾಗಲಿಲ್ಲ. ಮಗಳು ಕೆಲಸಕ್ಕೆ ಹೋಗಿದ್ದಾಳೇನು ಎಂದು ಮಾತ್ರ ಕೇಳಿದೆ.

ನಾಗಮ್ಮ ಹುಡುಗಿಯ ತಲೆ ಸವರಿದಳು. "ಈಕಿ ದವಾಖಾನ್ಯಾಗ ಹುಟ್ಟಿದಾಕಿ. ನೀವೂ ಬೆಲ್ಲಾ ತಿಂದೀರಿ." ಹುಡುಗನನ್ನು ತೊಡೆಗೆ ಎಳೆದುಕೊಂಡಳು. "ಇಂವ ದಾರ್ಯಾಗ ಹುಟ್ಟಿದಾಂವ. ಟಂಟಂ ಗಾಡ್ಯಾಗ. ದೊಡ್ಡ ದವಾಖಾನಿ ಇನ್ನೂ ಅರ್ಧ ದಾರಿ ಇತ್ತು. ಇಂವ ಅತ್ತ, ಆಕಿ ಸುಮ್ಮನಾದ್ಳು. ಬಾಯಾರು ಹೇಳಿದ್ರಲ್ಲ, ದೂರ ಒಯ್ಯಬ್ಯಾಡಂತ. ನಾ ಎಲ್ಲಿಗೆ ಒಯ್ಯಲಿ ಹೇಳ್ರಿ?"

ನಾನು ಅಲ್ಲೇ ಇದ್ದ ಸಿಮೆಂಟು ಇಟ್ಟಿಗೆಯ ಮೇಲೆ ಕುಳಿತೆ. ಕಣ್ಣು ತುಂಬಿ ಬಂದು ಎದುರಿನ ಮಕ್ಕಳು ಕಾಣದಾದರು. ನಾಗಮ್ಮ ನೀರು ತಂದು ಕೊಟ್ಟಳು. ಹತ್ತಿರ ಸರಿದು ಕುಳಿತಳು. ಬಹಳ ದಿನದಿಂದ ಯಾರನ್ನಾದರೂ ಕೇಳಬೇಕೆಂದು ಇಟ್ಟುಕೊಂಡಿದ್ದ ಪ್ರಶ್ನೆ ಅವಳ ಬಳಿ ಇತ್ತು.

"ಯಪ್ಪಾ, ಖರೇ ಹೇಳ್ರಿ. ಊರಾಗ ಹಡಿಯೋ ಹೆಣ್ಮಕ್ಕಳ ಲೆಕ್ಕಾ ಕಮ್ಮಿ ಬಂತಂತ ದವಾಖಾನಿ ಕಿತ್ಗೊಂಡ ಹೋದ್ರಂತ. ಆವತ್ತ ನಾನ ನಿಮ್ಮ ಕಾಲಿಗೆ ಬಿದ್ದೆ, ನನ್ನ ಮಗಳನ್ನ ಬರ್ಕೋಬ್ಯಾಡ್ರಿ ಅಂತ. ಓಣಿ ತುಂಬ ಎಲ್ಲಾರೂ ಹಂಗ ಮಾಡೀವಿ. ಬರಸಿದ್ರ ದವಾಖಾನಿ ಉಳೀತಿತ್ತೇನು? ನಾನ ನನ್ನ ಮಗಳನ್ನ ಕೊಂದ್ನೇನು?"

ಇಷ್ಟು ವರ್ಷ ಈ ಹೆಂಗಸು ಈ ಭಾರ ಹೊತ್ತಿದ್ದಳು. ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದೆ: "ಇಲ್ಲವ್ವ. ನೀ ಬರ್ಕೋ ಅಂದಿದ್ರೂ ನಾ ಬರ್ಕೊಳ್ತಿದ್ದಿಲ್ಲ. ತವರಿಗೆ ಬಂದಾಕಿನ್ನ ಬರೀಬಾರದಂತ ನಮ್ಮ ನಿಯಮಾನ ಹಂಗಿತ್ತು. ನಿಂದೇನೂ ತಪ್ಪಿಲ್ಲ."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ನಾಗಮ್ಮ ಕೈ ಬಿಡಿಸಿಕೊಂಡಳು.

"ಇಲ್ಲಿ ಐಟೆಕ್ಕಿನಾಗ ಆಕಿನ್ನ ಬರ್ಕೊಂಡಿದ್ರೇನು?"

"ಇಲ್ಲ."

"ಗಂಡನ ಊರಾಗ?"

ಅಲ್ಲಿ ಅವರ ಮನೆಗೆ ಬೀಗ ಬಿದ್ದಿತ್ತು. ಅದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

"ಹಂಗಾರ ನನ್ನ ಮಗಳು ಯಾವ ಊರಾಗ ಇದ್ದಳ್ರಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಮಕ್ಕಳಿಬ್ಬರ ಬಾಯಿ ಒರೆಸಿ, ರಟ್ಟೆ ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದಳು. "ಇವರನ್ನ ಬರ್ಕೋರಿ. ಇನ್ನ ನಾ ಯಾರನ್ನೂ ಮುಚ್ಚಿಡಾಂಗಿಲ್ಲ. ಹಾಡಹಗಲ ನಿಂತಾರ, ನೋಡ್ಕೊಂಡ ಬರ್ಕೋರಿ."

ಇಲ್ಲಿಗೆ ಯಾವಾಗ ಬಂದಿರಿ ಎಂಬುದು ನಾನು ಕೇಳಲೇಬೇಕಾದ ಪ್ರಶ್ನೆ. ಕೇಳಿದೆ. ಉಗಾದಿ ಮುಗಿಸಿಕೊಂಡು ಅಳಿಯನ ಜೊತೆ ಬಂದೆವು, ಗಣೇಶ ಚೌತಿಗೆ ಊರಿಗೆ ಹೋದರೂ ಹೋಗಬಹುದು ಎಂದಳು. ಅದಿನ್ನೂ ಮಳೆಗಾಲ, ಆರು ತಿಂಗಳು ತುಂಬಿರಲಿಲ್ಲ. ಆ ನಿಯಮ ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಕಚೇರಿಯಲ್ಲಿ ಆಗ ಯಾರೂ ಇರಲಿಲ್ಲ.

ಮಕ್ಕಳ ಹೆಸರು ಕೇಳಿದೆ. ಹುಡುಗಿ ತನ್ನ ಹೆಸರನ್ನೂ ತಮ್ಮನ ಹೆಸರನ್ನೂ ತಾನೇ ಹೇಳಿದಳು. ಇಬ್ಬರನ್ನೂ ಬರೆದುಕೊಂಡೆ. ನಾನು ಮುಂದಿನ ಬೀಡಾರಕ್ಕೆ ಹೋಗುವಾಗ ನಾಗಮ್ಮ ಪಕ್ಕದ ಮುದುಕಿಗೆ, "ನಮ್ಮ ಹುಡುಗರನ್ನ ಬರ್ಕೊಂಡ್ರವ್ವ" ಎಂದು ಹೇಳುವುದು ಕೇಳಿಸಿತು.

ಮರುದಿನ ಕಚೇರಿಯಲ್ಲಿ, ಆರು ತಿಂಗಳು ತುಂಬಿಲ್ಲವೆಂದು, ಕಂಪ್ಯೂಟರ್ ಆ ಎರಡು ಹೆಸರುಗಳನ್ನು ತೆಗೆದುಕೊಳ್ಳಲಿಲ್ಲ. ಮತ್ತೆ ಮತ್ತೆ ಹಾಕಿಸಿ ನೋಡಿದೆ, ಪ್ರತಿ ಸಲವೂ ಹೊರಗೆ ಹಾಕಿತು. ನಾಗಮ್ಮನಿಗೆ ಅದನ್ನು ಹೇಳಲು ನಾನು ಹೋಗಲಿಲ್ಲ.